ಸ್ಪಷ್ಟತೆ ಮತ್ತು ಮಸುಕು: ಚಲಿಸುವ ಚಿತ್ರಗಳಲ್ಲಿ ಆಳದ ಅನುಕರಣೆ

ತೊಗಲುಗೊಂಬೆಯಾಟದ ಪರದೆಯ ಮೇಲೆ ನಡೆಯುವ ಒಂದು ಚಿಕ್ಕ ಸಂಗತಿಯನ್ನು ಪ್ರೇಕ್ಷಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗೊಂಬೆ ಪರದೆಗೆ ಒತ್ತಿಕೊಂಡಿರುವಾಗ ಅದರ ಅಂಚು, ಕೊರೆದ ರಂಧ್ರ, ಬಳಿದ ಬಣ್ಣ ಎಲ್ಲವೂ ಖಚಿತವಾಗಿ ಮೂಡುತ್ತವೆ. ಆಡಿಸುವವನು ಅದನ್ನು ದೀಪದ ಕಡೆಗೆ ಎಳೆದುಕೊಂಡನೆಂದರೆ ಆಕೃತಿ ಹಿಗ್ಗುತ್ತದೆ. ಜೊತೆಗೆ ಅಂಚು ಕರಗಿ ಮಸುಕಾಗುತ್ತದೆ. ಇದಕ್ಕೆ ಕಾರಣ ದೀಪದ ಉರಿಗೆ ಅಗಲವಿರುವುದು. ಉರಿ ೨ ಸೆಂಟಿಮೀಟರ್ ಅಗಲವಿದ್ದು, ಗೊಂಬೆ ಅದರಿಂದ ೧೦೦ ಸೆಂಟಿಮೀಟರ್ ದೂರದಲ್ಲಿ, ಪರದೆಯಿಂದ ೧೦ ಸೆಂಟಿಮೀಟರ್ ಹಿಂದೆ ಇದ್ದರೆ ನೆರಳಿನ ಅಂಚಿನಲ್ಲಿ ೨ ಮಿಲಿಮೀಟರ್ ಅಗಲದ ಅರೆನೆರಳು ಬೀಳುತ್ತದೆ. ಉರಿ ಒಂದು ಸೂಜಿಮೊನೆಯಷ್ಟೇ ಆಗಿದ್ದರೆ ಗೊಂಬೆ ಎಲ್ಲಿದ್ದರೂ ನೆರಳು ಹರಿತವಾಗಿಯೇ ಇರುತ್ತಿತ್ತು. ಬೆಳಕು ಹೊರಡುವ ಇಲ್ಲವೆ ಹಾದುಹೋಗುವ ಕಂಡಿಯ ಅಗಲವೇ ಮಸುಕಿನ ತಾಯಿ ಎಂಬ ಈ ತತ್ತ್ವ ಕ್ಯಾಮರಾದ ಮಸೂರಕ್ಕೂ ಅನ್ವಯಿಸುತ್ತದೆ. ಇಂದು ಗಣಕಯಂತ್ರದಲ್ಲಿ ಅಕ್ಷರ, ರೇಖೆ, ಆಕೃತಿಗಳನ್ನು ಚಲಿಸುವಂತೆ ಮಾಡುವ ಮೋಷನ್ ಗ್ರಾಫಿಕ್ಸ್ ಎಂಬ ಕಲೆಯಲ್ಲಿ, ನಿಜವಾದ ಮಸೂರವೇ ಇಲ್ಲದ ಕಡೆ ಮಸೂರದ ಈ ಗುಣವನ್ನು ಬೇಕೆಂದೇ ತಂದು ಕೂಡಿಸಲಾಗುತ್ತದೆ. ಇಲ್ಲದ ದೋಷವೊಂದನ್ನು ಶ್ರಮಪಟ್ಟು ಸೃಷ್ಟಿಸುವ ಈ ವಿಚಿತ್ರ ಉದ್ಯೋಗದ ಸ್ವರೂಪವನ್ನೂ ಔಚಿತ್ಯವನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳ ಕಲೆ-ಕಸುಬುಗಳ ಇತಿಹಾಸ ಈ ವಿವೇಚನೆಗೆ ಒಳ್ಳೆಯ ನೆಲೆಯನ್ನು ಒದಗಿಸುತ್ತದೆ.

ಮೊದಲು ಮಸೂರದ ಲೆಕ್ಕವನ್ನು ತಿಳಿಯುವುದು ಅಗತ್ಯ. ಮಸೂರವು ಒಂದು ನಿರ್ದಿಷ್ಟ ದೂರದಲ್ಲಿರುವ ವಸ್ತುವಿನ ಪ್ರತಿ ಬಿಂದುವನ್ನು ಮಾತ್ರ ಬಿಂದುವಾಗಿಯೇ ಫಿಲ್ಮಿನ ಮೇಲೆ ಮೂಡಿಸುತ್ತದೆ. ಅದಕ್ಕಿಂತ ಹತ್ತಿರದ ಅಥವಾ ದೂರದ ವಸ್ತುವಿನ ಬಿಂದು ಅಲ್ಲಿ ಚಿಕ್ಕ ವೃತ್ತವಾಗಿ ಹರಡುತ್ತದೆ. ಇದನ್ನು ಮಸುಕುವೃತ್ತ ಎಂದು ಕರೆಯಬಹುದು. ವೃತ್ತವು ಕಣ್ಣಿಗೆ ಬಿಂದುವೆಂದೇ ತೋರುವಷ್ಟು ಚಿಕ್ಕದಾಗಿರುವ ಹಿಂದುಮುಂದಿನ ವ್ಯಾಪ್ತಿಯೇ ಛಾಯಾಗ್ರಾಹಕರು ಹೇಳುವ ಡೆಪ್ತ್ ಆಫ್ ಫೀಲ್ಡ್. ಇದನ್ನು ‘ಕ್ಷೇತ್ರದ ಆಳ’ ಎಂದು ಪದಕ್ಕೆ ಪದವಿಟ್ಟು ಹೇಳುವುದುಂಟು. ಆದರೆ ಆ ಮಾತು ಕನ್ನಡ ಓದುಗನಿಗೆ ಹೊಲದ ಉಳುಮೆಯನ್ನು ನೆನಪಿಸುವ ಸಂಭವವೇ ಹೆಚ್ಚು. ‘ಸ್ಪಷ್ಟತೆಯ ಆಳ’ ಎಂಬುದು ಅರ್ಥವನ್ನು ನೇರವಾಗಿ ಹೇಳುವುದರಿಂದ ಇಲ್ಲಿ ಅದನ್ನೇ ಬಳಸಿದೆ.

ಒಂದು ಉದಾಹರಣೆ: ೫೦ ಮಿಲಿಮೀಟರ್ ಸಂಗಮದೂರದ ಮಸೂರವನ್ನು ೨ ಮೀಟರ್ ದೂರದ ಮುಖದ ಮೇಲೆ ನಿಲ್ಲಿಸಲಾಗಿದೆ, ಅದರ ಕಂಡಿ ೨೫ ಮಿಲಿಮೀಟರ್ ಅಗಲ ತೆರೆದಿದೆ. ಆಗ ೪ ಮೀಟರ್ ದೂರದ ಗೋಡೆಯ ಮೇಲಿನ ಬಿಂದು ಫಿಲ್ಮಿನ ಮೇಲೆ ಸುಮಾರು ೦.೩೨ ಮಿಲಿಮೀಟರ್ ವ್ಯಾಸದ ವೃತ್ತವಾಗುತ್ತದೆ. ಕಂಡಿಯನ್ನು ನಾಲ್ಕನೆಯ ಒಂದು ಭಾಗಕ್ಕೆ ಕಿರಿದುಗೊಳಿಸಿದರೆ ವೃತ್ತವೂ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದೂರ ಮತ್ತು ಮಸುಕಿನ ಸಂಬಂಧ ಮಾತ್ರ ಇಷ್ಟು ಸರಳವಲ್ಲ. ಗೋಡೆಯನ್ನು ಹಿಂದೆ ಹಿಂದೆ ಸರಿಸುತ್ತ ಹೋದರೆ ಮಸುಕು ಬೆಳೆಯುತ್ತದೆ, ಆದರೆ ಮಿತಿಯಿಲ್ಲದೆ ಬೆಳೆಯುವುದಿಲ್ಲ. ಅನಂತ ದೂರದ ನಕ್ಷತ್ರಕ್ಕೂ ಅದು ೦.೬೪ ಮಿಲಿಮೀಟರಿನಲ್ಲಿ ನಿಂತುಬಿಡುತ್ತದೆ. ಅದೇ ಪ್ರಮಾಣದ ಮಸುಕು ಈಚೆ ಬದಿಯಲ್ಲಿ ಕೇವಲ ೧ ಮೀಟರ್ ದೂರದಲ್ಲಿ, ಅಂದರೆ ಮುಖದ ಅರ್ಧ ದೂರದಲ್ಲಿಯೇ ಬಂದುಬಿಡುತ್ತದೆ. ಅದಕ್ಕೂ ಈಚೆಗೆ ಬಂದ ವಸ್ತುವಿನ ಮಸುಕು ಇನ್ನೂ ವೇಗವಾಗಿ ಉಬ್ಬುತ್ತದೆ. ಮುಂದಿನ ಮಸುಕಿಗೂ ಹಿಂದಿನ ಮಸುಕಿಗೂ ಇರುವ ಈ ಅಸಮಾನತೆಯನ್ನು ಮರೆತು ಎರಡೂ ಕಡೆ ಒಂದೇ ಅಳತೆಯಲ್ಲಿ ಮಸುಕು ಬಳಿದ ಗಣಕಚಿತ್ರವು ಏಕೋ ಸುಳ್ಳೆನಿಸುತ್ತದೆ. ಕಾರಣವನ್ನು ಹೇಳಲಾರದ ಪ್ರೇಕ್ಷಕನಿಗೂ ಹಾಗೆ ಅನಿಸುತ್ತದೆ.

ಮಸೂರದ ಕಣ್ಣು ಭಾರತದ ಚಿತ್ರಲೋಕವನ್ನು ಹೊಕ್ಕ ಬಾಗಿಲುಗಳಲ್ಲಿ ವಡೋದರಾ ಒಂದು. ಸೂರತ್ತಿನಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ತ್ರಿಭುವನದಾಸ ಗಜ್ಜರ್ ಅವರು ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ೧೮೯೦ರಲ್ಲಿ ಅಲ್ಲಿ ಕಲಾಭವನವನ್ನು ಆರಂಭಿಸಿದರು. ಚಿತ್ರಕಲೆಯ ಜೊತೆಗೆ ಕೈಗಾರಿಕಾ ಶಿಲ್ಪಗಳನ್ನೂ ಕಲಿಸಬೇಕೆಂಬುದು ಅವರ ಸಂಕಲ್ಪವಾಗಿತ್ತು. ಮುಂದೆ ೧೯೧೩ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದ ದಾದಾಸಾಹೇಬ್ ಫಾಲ್ಕೆ ಅವರು ಚಿತ್ರಕಲೆಯನ್ನು ಕಲಿತು ಛಾಯಾಗ್ರಹಣದ ಪ್ರಯೋಗಗಳಲ್ಲಿ ತೊಡಗಿದ್ದು ಇದೇ ಕಲಾಭವನದ ದಿನಗಳಲ್ಲಿ. ಬಟಾಣಿ ಗಿಡವೊಂದು ಮೊಳೆತು ಬೆಳೆಯುವುದನ್ನು ಚೌಕಟ್ಟು ಚೌಕಟ್ಟಾಗಿ ಹಿಡಿದದ್ದು, ಬೆಂಕಿಕಡ್ಡಿಗಳನ್ನು ಕುಣಿಸಿ ೧೯೧೫ರಲ್ಲಿ ಕಿರುಚಿತ್ರ ಮಾಡಿದ್ದು ಫಾಲ್ಕೆಯವರ ಸಾಧನೆಗಳು. ಮೋಷನ್ ಗ್ರಾಫಿಕ್ಸಿನ ಭಾರತೀಯ ವಂಶಾವಳಿಯನ್ನು ಬರೆಯಹೊರಟವರು ಆ ಬೆಂಕಿಕಡ್ಡಿಗಳಿಂದಲೇ ಆರಂಭಿಸಬೇಕಾದೀತು. ಅದೇ ಸಯಾಜಿರಾವ್ ಅವರಿಗಾಗಿ ರಾಜಾ ರವಿವರ್ಮ ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ಬರೆದಿದ್ದರು. ಕೆಲವು ವರ್ಷಗಳ ಬಳಿಕ ಮೈಸೂರಿನ ಅರಮನೆಗಾಗಿಯೂ ಬರೆದರು. ಮುಂದಿನ ವ್ಯಕ್ತಿಯ ರೇಷ್ಮೆಯ ನೆರಿಗೆ ಒಂದೊಂದೂ ಕಾಣುವಾಗ ಹಿಂದಿನ ಗಿಡಮರ, ಬೆಟ್ಟಗಳು ಮೆತ್ತಗಾಗಿ ಹಿಂದೆ ಸರಿಯುವ ಕ್ರಮ ಆ ತೈಲಚಿತ್ರಗಳಲ್ಲಿದೆ. ಅದು ಮಸೂರದ ಮಸುಕಲ್ಲ, ಗಾಳಿಯ ಮಬ್ಬನ್ನು ಅನುಸರಿಸಿದ ಐರೋಪ್ಯ ವಿಧಾನ. ಆದರೂ ‘ಮುಖ್ಯವಾದದ್ದು ಖಚಿತ, ಉಳಿದದ್ದು ಮೆದು’ ಎಂಬ ನೋಟದ ಶಿಸ್ತಿಗೆ ಭಾರತೀಯ ಪ್ರೇಕ್ಷಕರನ್ನು ಅವು ಪಳಗಿಸಿದವು ಎಂದರೆ ತಪ್ಪಾಗಲಾರದು.

ಅಹಮದಾಬಾದಿನ ಕಥೆ ಬೇರೆ. ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ೧೯೫೮ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯ ಫಲವಾಗಿ ೧೯೬೧ರಲ್ಲಿ ಸಾಬರಮತಿಯ ದಂಡೆಯ ಈ ನಗರದಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪಿತವಾಯಿತು. ಭಾರತದಲ್ಲಿ ಆನಿಮೇಷನ್ ಶಿಕ್ಷಣಕ್ಕೆ ಗಟ್ಟಿಯಾದ ತಳಹದಿ ದೊರೆತದ್ದು ಇಲ್ಲಿ. ವಡೋದರಾದ ಲಲಿತಕಲೆಗಳ ಶಾಲೆಯಲ್ಲೂ ಈ ಸಂಸ್ಥೆಯಲ್ಲೂ ಕಲಿತ ಗುಜರಾತಿನ ಈಶು ಪಟೇಲ್ ೧೯೭೨ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಲಿಯನ್ನು ಸೇರಿದರು. ಅವರ ‘ಬೀಡ್ ಗೇಮ್’ (೧೯೭೭) ಮತ್ತು ‘ಪ್ಯಾರಡೈಸ್’ (೧೯೮೪) ಎಂಬ ಕಿರುಚಿತ್ರಗಳು ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನ ಪಡೆದವು. ಮೊದಲನೆಯದರಲ್ಲಿ ಸಾವಿರಾರು ಮಣಿಗಳನ್ನು ಕ್ಯಾಮರಾದ ಕೆಳಗೆ ಹರಡಿ, ಒಂದೊಂದು ಚೌಕಟ್ಟಿಗೂ ಕೈಯಿಂದ ಸರಿಸಿ, ಒಂದು ಜೀವಿ ಇನ್ನೊಂದನ್ನು ನುಂಗುತ್ತ ಬೆಳೆಯುವ ಹಿಂಸೆಯ ಸರಪಳಿಯನ್ನು ತೋರಿಸಲಾಗಿದೆ. ಮಣಿಗಳೆಲ್ಲ ಒಂದೇ ಸಮತಲದಲ್ಲಿವೆ, ಎಲ್ಲವೂ ಸಮಾನ ಸ್ಪಷ್ಟ. ಆಳವೆಂಬುದು ಅಲ್ಲಿ ಮಸುಕಿನಿಂದಲ್ಲ, ಆಕಾರಗಳು ಹಿಗ್ಗಿ ಕುಗ್ಗುವುದರಿಂದ ಹುಟ್ಟುತ್ತದೆ. ಮಸೂರದ ಮಸುಕಿಲ್ಲದೆ ಆಳವೇ ಇಲ್ಲವೆಂದು ನಂಬಿರುವ ಇಂದಿನ ಅಭ್ಯಾಸಿಗಳು ಈ ಚಿತ್ರವನ್ನು ಒಮ್ಮೆ ನೋಡುವುದು ಒಳ್ಳೆಯದು.

ಕೈಚಿತ್ರಗಳ ಕಾಲದಲ್ಲಿಯೂ ಮಸುಕನ್ನು ತರುವ ಪ್ರಯತ್ನ ನಡೆದಿತ್ತು. ಜರ್ಮನಿಯ ಲೊಟ್ಟೆ ರೈನಿಗರ್ ೧೯೨೬ರಲ್ಲಿ ಮುಗಿಸಿದ, ಕತ್ತರಿಸಿದ ಕಪ್ಪು ಕಾಗದದ ಗೊಂಬೆಗಳ ದೀರ್ಘಚಿತ್ರದಲ್ಲಿ ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಅಂತರಿಸಿ ಇಟ್ಟು ಚಿತ್ರಿಸಿದರು. ಡಿಸ್ನಿ ಸಂಸ್ಥೆ ೧೯೩೭ರ ‘ದಿ ಓಲ್ಡ್ ಮಿಲ್’ ಚಿತ್ರದಲ್ಲಿ ಬಳಸಿದ ಬಹುತಲ ಕ್ಯಾಮರಾ ಇದೇ ಉಪಾಯದ ಬೃಹತ್ ರೂಪ. ಮುಂದಿನ ಗಾಜಿನ ಮೇಲೆ ಬರೆದ ಜೊಂಡು, ನಡುವಿನ ಗಾಜಿನ ಮೇಲೆ ಗಿರಣಿ, ಹಿಂದೆ ಆಕಾಶ. ನಿಜವಾದ ಮಸೂರವೇ ಮೇಲಿನಿಂದ ನೋಡುವುದರಿಂದ ಮಸುಕು ತಾನಾಗಿಯೇ ಬರುತ್ತಿತ್ತು. ಅನುಕರಣೆಯ ಪ್ರಶ್ನೆಯೇ ಇರಲಿಲ್ಲ.

ಗಣಕದಲ್ಲಿ ಹಾಗಲ್ಲ. ಅಲ್ಲಿಯ ಕ್ಯಾಮರಾ ಎಂಬುದು ಒಂದು ಗಣಿತದ ಬಿಂದು, ಅಗಲವಿಲ್ಲದ ಸೂಜಿರಂಧ್ರ. ಅದಕ್ಕೆ ಕಂಡ ಪ್ರಪಂಚವೆಲ್ಲ ಒಂದೇ ಸಮನೆ ಹರಿತ. ಈ ಹರಿತವೇ ಕೃತಕವೆನಿಸಿದಾಗ ೧೯೮೧ರಲ್ಲಿ ಪೊಟ್ಮೆಸಿಲ್ ಮತ್ತು ಇಂದ್ರನೀಲ ಚಕ್ರವರ್ತಿ ಎಂಬ ಸಂಶೋಧಕರು ಮಸೂರ ಮತ್ತು ಕಂಡಿಯ ಮಾದರಿಯೊಂದನ್ನು ಗಣಕಚಿತ್ರಕ್ಕೆ ಅಳವಡಿಸಿದರು. ಮೊದಲು ಎಲ್ಲವೂ ಸ್ಪಷ್ಟವಾಗಿರುವ ಚಿತ್ರವನ್ನು ರಚಿಸಿ, ಪ್ರತಿ ಬಿಂದುವಿನ ದೂರವನ್ನು ಗುರುತಿಟ್ಟುಕೊಂಡು, ಬಳಿಕ ಆ ದೂರಕ್ಕೆ ತಕ್ಕ ಮಸುಕುವೃತ್ತವಾಗಿ ಅದನ್ನು ಹರಡುವುದು ಅವರ ಕ್ರಮ. ೧೯೮೪ರಲ್ಲಿ ಕುಕ್, ಪೋರ್ಟರ್ ಮತ್ತು ಕಾರ್ಪೆಂಟರ್ ಇನ್ನೊಂದು ದಾರಿಯನ್ನು ತೋರಿಸಿದರು. ಸೂಜಿರಂಧ್ರದ ಬದಲು ಕಂಡಿಯ ಉದ್ದಗಲದಲ್ಲಿ ಹಲವು ಕಡೆಯಿಂದ ಬೆಳಕಿನ ಕಿರಣಗಳನ್ನು ಹಾಯಿಸಿ ಅವುಗಳ ಸರಾಸರಿಯನ್ನು ತೆಗೆದುಕೊಳ್ಳುವುದು. ಗೊಂಬೆಯಾಟದ ದೀಪದ ಉರಿಯನ್ನು ನೂರಾರು ಸೂಜಿಮೊನೆಗಳ ಗುಂಪೆಂದು ಭಾವಿಸಿ ಒಂದೊಂದರ ನೆರಳನ್ನೂ ಕೂಡಿಸಿದಂತೆ ಇದು. ಎರಡನೆಯ ಕ್ರಮ ಸತ್ಯಕ್ಕೆ ಹತ್ತಿರ. ಆದರೆ ಅದು ಬೇಡುವ ಲೆಕ್ಕ ಅಪಾರ, ಕಿರಣಗಳು ಸಾಲದೆ ಹೋದರೆ ಮಸುಕಿನ ತುಂಬ ಮರಳು ಎರಚಿದಂತೆ ಕಾಣುತ್ತದೆ. ಸಾಮಾನ್ಯ ಸ್ಟುಡಿಯೋಗಳ ಕೈಗೆ ಈ ವಿದ್ಯೆ ಸುಲಭವಾಗಿ ದಕ್ಕಿದ್ದು ಅನಂತರ. ೧೯೯೩ರಲ್ಲಿ ಹೊರಬಂದ ಆಫ್ಟರ್ ಎಫೆಕ್ಟ್ಸ್ ಎಂಬ ತಂತ್ರಾಂಶಕ್ಕೆ ೨೦೦೧ರ ಆವೃತ್ತಿಯಲ್ಲಿ ಮೂರು ಆಯಾಮಗಳ ಪದರಗಳೂ ಕ್ಯಾಮರಾವೂ ಸೇರಿದವು. ನಾಟಕದ ರಂಗದಲ್ಲಿ ಒಂದರ ಹಿಂದೊಂದು ಪರದೆಗಳನ್ನು ನಿಲ್ಲಿಸುವಂತೆ ಚಪ್ಪಟೆ ಚಿತ್ರಗಳನ್ನು ನಿಲ್ಲಿಸಿ, ಕ್ಯಾಮರಾದ ಗಮನವನ್ನು ಎಷ್ಟು ದೂರದಲ್ಲಿ ನೆಡಬೇಕು, ಕಂಡಿ ಎಷ್ಟು ತೆರೆಯಬೇಕು ಎಂಬ ಅಂಕಿಗಳನ್ನು ತುಂಬಿದರೆ ಮಸುಕು ಸಿದ್ಧ.

ಸಿದ್ಧವಾದ ಮಸುಕೆಲ್ಲ ಸಮರ್ಪಕವಾದುದಲ್ಲ. ಇಲ್ಲಿ ಮೂರು ದೋಷಗಳು ಪದೇ ಪದೇ ಕಾಣುತ್ತವೆ. ಮೊದಲನೆಯದು ಅಂಚಿನ ದೋಷ. ನಿಜವಾದ ಮಸೂರದ ಎದುರು ಬೆರಳನ್ನು ಹಿಡಿದರೆ ಅದರ ಮಸುಕಾದ ಅಂಚಿನ ಮೂಲಕ ಹಿಂದಿನ ವಸ್ತುವಿನ ಮರೆಯಾದ ಭಾಗವೂ ಸ್ವಲ್ಪ ಇಣುಕುತ್ತದೆ. ಏಕೆಂದರೆ ಮಸೂರದ ಒಂದು ಅಂಚಿಗೆ ಮರೆಯಾದದ್ದು ಇನ್ನೊಂದು ಅಂಚಿಗೆ ಕಾಣುತ್ತಿರುತ್ತದೆ. ಒಂದೇ ಚಪ್ಪಟೆ ಚಿತ್ರ ಮತ್ತು ಅದರ ದೂರದ ನಕ್ಷೆಯನ್ನಷ್ಟೇ ಇಟ್ಟುಕೊಂಡ ಗಣಕಕ್ಕೆ ಆ ಮರೆಯ ಭಾಗ ತಿಳಿದೇ ಇರುವುದಿಲ್ಲ. ಆದ್ದರಿಂದ ಮುಂದಿನ ಆಕೃತಿಯ ಸುತ್ತ ಕತ್ತರಿಸಿ ಅಂಟಿಸಿದಂಥ ಗೆರೆಯೋ, ಪ್ರಭಾವಳಿಯಂಥ ಬಿಳಿಪೋ ಉಳಿಯುತ್ತದೆ. ಪದರಗಳನ್ನು ಬಿಡಿಬಿಡಿಯಾಗಿ ಬರೆದು, ಮುಂದಿನದು ಮುಚ್ಚುವ ಭಾಗವನ್ನೂ ಹಿಂದಿನ ಪದರದಲ್ಲಿ ಪೂರ್ಣವಾಗಿ ಬರೆಯುವುದೇ ಪರಿಹಾರ. ಕಾಣದ ಭಾಗವನ್ನೂ ಬರೆಯುವ ಈ ತಾಳ್ಮೆ ಹಳೆಯ ಗಾಜಿನ ಹಲಗೆಗಳ ಕಾಲದಲ್ಲಿ ಅನಿವಾರ್ಯವಾಗಿತ್ತು. ಈಗ ಅದು ಆಯ್ಕೆಯಾಗಿದೆ, ಹೀಗಾಗಿ ಅಪರೂಪವೂ ಆಗಿದೆ.

ಎರಡನೆಯದು ಬೆಳಕಿನ ದೋಷ. ರಾತ್ರಿಯ ಬೀದಿಯ ದೂರದ ದೀಪಗಳನ್ನು ಮಸೂರವು ಹೊಳೆಯುವ ಬಿಲ್ಲೆಗಳಾಗಿ ಅರಳಿಸುತ್ತದೆ. ಬಿಲ್ಲೆಯ ಆಕಾರ ಕಂಡಿಯ ಆಕಾರವೇ. ಗಣಕದ ಸಾಮಾನ್ಯ ಮಸುಕಾದರೋ ದೀಪವನ್ನು ಒದ್ದೆ ಕಾಗದದ ಮೇಲಿನ ಮಸಿಯಂತೆ ಹರಡಿಬಿಡುತ್ತದೆ. ಇದರ ಜೊತೆಗೆ ಇನ್ನೊಂದು ತೊಡಕಿದೆ. ಗಣಕವು ಚಿತ್ರವನ್ನು ಕಾದಿಡುವ ಅಂಕಿಗಳು ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದಿರುವುದಿಲ್ಲ: ಕಪ್ಪು ೦, ಬಿಳಿ ೧ ಎಂದಾದರೆ ನಡುವಿನ ೦.೫ ಎಂಬ ಅಂಕಿ ಸೂಚಿಸುವುದು ಬಿಳಿಯ ಅರ್ಧ ಬೆಳಕನ್ನಲ್ಲ, ಸುಮಾರು ಐದನೆಯ ಒಂದು ಭಾಗವನ್ನು. ಈ ಅಂಕಿಗಳನ್ನೇ ಸರಾಸರಿ ಮಾಡಿದರೆ ಉರಿಯುವ ದೀಪ ಬೂದು ಕಲೆಯಾಗುತ್ತದೆ. ಅವನ್ನು ಮೊದಲು ನಿಜವಾದ ಬೆಳಕಿನ ಅಳತೆಗೆ ಬದಲಿಸಿ, ಮಸುಕುಗೊಳಿಸಿ, ಬಳಿಕ ಹಿಂದಿರುಗಿಸಬೇಕು. ಮೂರನೆಯದು ಪ್ರಮಾಣದ ದೋಷ. ತೀರ ತೆಳುವಾದ ಸ್ಪಷ್ಟತೆಯ ಆಳ ನಮಗೆ ಕಾಣಸಿಗುವುದು ಚಿಕ್ಕ ವಸ್ತುವನ್ನು ಹತ್ತಿರದಿಂದ ನೋಡುವಾಗ. ಆದ್ದರಿಂದ ಕೋಟೆಕೊತ್ತಲಗಳ ಚಿತ್ರಕ್ಕೆ ಅತಿಯಾದ ಮಸುಕನ್ನು ಬಳಿದರೆ ಕೋಟೆಯು ಮೇಜಿನ ಮೇಲಿನ ಆಟಿಕೆಯಾಗಿಬಿಡುತ್ತದೆ.

ಚಿಕ್ಕ ವಸ್ತುವಿನ ಮಾತು ಬಂದಾಗ ಸೂರತ್ತನ್ನು ನೆನೆಯಬೇಕು. ಜಗತ್ತಿನ ವಜ್ರಗಳ ಬಹುಪಾಲು ಕತ್ತರಿಸಿ ಮೆರುಗುಗೊಳ್ಳುವುದು ಈ ನಗರದಲ್ಲಿ. ಹತ್ತು ಪಟ್ಟು ಹಿಗ್ಗಿಸುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಹರಳನ್ನು ಪರೀಕ್ಷಿಸುವವನಿಗೆ ಸ್ಪಷ್ಟತೆಯ ಆಳವೆಂಬುದು ಪುಸ್ತಕದ ವಿಷಯವಲ್ಲ. ಆ ಗಾಜಿನ ಸಂಗಮದೂರ ಸುಮಾರು ೨೫ ಮಿಲಿಮೀಟರ್. ಒಂದು ಸಲಕ್ಕೆ ಹರಳಿನ ಒಂದು ತೆಳುಪದರವಷ್ಟೇ ಖಚಿತವಾಗಿ ಕಾಣುತ್ತದೆ. ಅವನು ಹರಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಮೇಲ್ಮೈಯಿಂದ ಬುಡದವರೆಗೆ ಪದರ ಪದರವಾಗಿ ಓದುತ್ತಾನೆ. ಮೇಲ್ಮೈಯ ಧೂಳಿನ ಕಣ ಮಸುಕಾದ ಕ್ಷಣದಲ್ಲಿ ಖಚಿತವಾಗಿ ಮೂಡಿದ ಚುಕ್ಕೆಯು ಹರಳಿನ ಒಳಗಿನದು ಎಂದು ತಿಳಿಯುತ್ತಾನೆ. ವಜ್ರದ ವಕ್ರೀಭವನಾಂಕ ೨.೪೨ ಆದುದರಿಂದ ನಿಜವಾಗಿ ೫ ಮಿಲಿಮೀಟರ್ ಆಳದಲ್ಲಿರುವ ಕಲೆ ಸುಮಾರು ೨ ಮಿಲಿಮೀಟರ್ ಆಳದಲ್ಲಿದ್ದಂತೆ ತೋರುತ್ತದೆ ಎಂಬುದನ್ನೂ ಅವನ ಕಣ್ಣು ಅನುಭವದಿಂದ ಬಲ್ಲದು. ಇಲ್ಲಿ ಮಸುಕು ಅಲಂಕಾರವಲ್ಲ, ಜ್ಞಾನಸಾಧನ. ಒಡವೆಯ ಜಾಹೀರಾತಿಗಾಗಿ ಗಣಕದಲ್ಲಿ ಹರಳನ್ನು ರಚಿಸುವವರು ಮುಂಭಾಗವನ್ನು ಖಚಿತವಾಗಿಸಿ ಹಿಂಭಾಗವನ್ನು ಕರಗಿಸುವುದು ಈ ನೋಟದ ಹೊರರೂಪವನ್ನು ಮಾತ್ರ ಎರವಲು ಪಡೆದಂತೆ.

ಮಸೂರದ ನೋಟವೇ ನೋಟದ ಸಹಜ ಕ್ರಮವೆಂದು ಒಪ್ಪದ ಪರಂಪರೆಯೂ ಗುಜರಾತಿನಲ್ಲಿ ಬಲವಾಗಿದೆ. ಪಶ್ಚಿಮ ಭಾರತದ ಜೈನ ಕಲ್ಪಸೂತ್ರದ ಹಸ್ತಪ್ರತಿಗಳಲ್ಲಿ, ಕೆಂಪು ಅಥವಾ ನೀಲಿ ನೆಲದ ಮೇಲೆ, ಮುಖದ ರೇಖೆಯಿಂದ ಹೊರಚಾಚಿದ ಕಣ್ಣಿನ ಆಕೃತಿಗಳೆಲ್ಲ ಸಮಾನ ಖಚಿತತೆಯಿಂದ ನಿಂತಿವೆ. ನಮ್ಮ ಮೂಡಬಿದಿರೆಯ ಧವಲಾ ಗ್ರಂಥಗಳ ೧೨ನೆಯ ಶತಮಾನದ ಓಲೆಯ ಚಿತ್ರಗಳೂ ಬೇರೊಂದು ಶೈಲಿಯಲ್ಲಿ ಇದೇ ಧರ್ಮವನ್ನು ಪಾಲಿಸುತ್ತವೆ. ಅಹಮದಾಬಾದಿನ ‘ಮಾತಾನಿ ಪಚೇಡಿ’ ಎಂಬ ವರ್ಣವಸ್ತ್ರದಲ್ಲಿ ದೇವಿ ಮುಖ್ಯಳೆಂದು ತಿಳಿಯುವುದು ಅವಳು ನಡುವೆ, ಎಲ್ಲರಿಗಿಂತ ದೊಡ್ಡದಾಗಿ ಕುಳಿತಿರುವುದರಿಂದ; ಸುತ್ತಲಿನ ಭಕ್ತರನ್ನು ಮಸುಕುಗೊಳಿಸಿದ್ದರಿಂದ ಅಲ್ಲ. ವಡೋದರಾದ ಆಧುನಿಕ ಕಲಾವಿದರು ಈ ಪಾಠವನ್ನು ತಿಳಿದೇ ಮರಳಿ ಕೈಗೆತ್ತಿಕೊಂಡರು. ಭೂಪೇನ್ ಖಖ್ಖರ್ ಅವರ ೧೯೮೧ರ ‘ಯೂ ಕಾಂಟ್ ಪ್ಲೀಸ್ ಆಲ್’ ಚಿತ್ರದಲ್ಲಿ ಮಾಳಿಗೆಯ ಕಟ್ಟೆಗೊರಗಿ ನಿಂತವನೂ, ದೂರದಲ್ಲಿ ಕತ್ತೆಯೊಡನೆ ಸಾಗುವ ತಂದೆಮಗನೂ ಒಂದೇ ಸ್ಪಷ್ಟತೆಯಲ್ಲಿದ್ದಾರೆ. ಗುಲಾಮ್ ಮೊಹಮ್ಮದ್ ಶೇಖ್ ೧೯೮೧ರಿಂದ ೧೯೮೪ರವರೆಗೆ ಬರೆದ ‘ಸಿಟಿ ಫಾರ್ ಸೇಲ್’ ಚಿತ್ರದಲ್ಲಿ ಕೋಮುಗಲಭೆಗೆ ತುತ್ತಾದ ನಗರದ ಹಲವು ಬದುಕುಗಳು ಒಂದೇ ಹರವಿನಲ್ಲಿ ತುಂಬಿವೆ. ಇಲ್ಲಿ ಯಾವುದನ್ನು ಮಸುಕು ಮಾಡಬೇಕು? ಹಿಂದೆ ಉರಿಯುವ ಬೀದಿಯನ್ನೋ, ಮುಂದೆ ಬೀಡಿ ಹಚ್ಚುವವರನ್ನೋ? ಹಾಗೆ ಮಾಡಿದ ಕ್ಷಣವೇ ಚಿತ್ರ ತನ್ನ ಅರ್ಥವನ್ನು ಕಳೆದುಕೊಳ್ಳುತ್ತದೆ. ಇಂಥ ಚಿತ್ರಗಳನ್ನು ಪದರಗಳಾಗಿ ಕತ್ತರಿಸಿ, ಮುಂದಿನದನ್ನು ಖಚಿತಗೊಳಿಸಿ ಹಿಂದಿನದನ್ನು ಮಸುಕಾಗಿಸಿ ‘ಜೀವ ತುಂಬುವ’ ಚಾಳಿ ಸಾಕ್ಷ್ಯಚಿತ್ರಗಳಲ್ಲಿ ಹಬ್ಬಿದೆ. ಅದು ಜೀವ ತುಂಬುವ ಕೆಲಸವಲ್ಲ, ಬರೆದವನ ವಾಕ್ಯವನ್ನು ತಿದ್ದುವ ಕೆಲಸ ಎನ್ನದೆ ವಿಧಿಯಿಲ್ಲ.

ಹಾಗೆಂದು ಮಸುಕನ್ನು ತಿರಸ್ಕರಿಸಬೇಕೆಂದಲ್ಲ. ಮೈಸೂರಿನಲ್ಲಿ ೧೯೨೩ರಲ್ಲಿ ಹುಟ್ಟಿ ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರು ೧೯೫೯ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವೆಂಬ ಹೊಣೆಯೊಂದಿಗೆ, ಕನ್ನಡಿಗಳಿಂದ ಸೂರ್ಯನ ಬೆಳಕನ್ನು ತಿರುಗಿಸಿ ಖಾಲಿ ಸ್ಟುಡಿಯೋದೊಳಗೆ ಕಿರಣದ ಸ್ತಂಭವೊಂದನ್ನು ನಿಲ್ಲಿಸಿದರು. ಆಳವನ್ನು ಬೆಳಕಿನಿಂದಲೂ ಧೂಳಿನಿಂದಲೂ ಕಟ್ಟಬಹುದೆಂಬುದಕ್ಕೆ ಅದು ಶ್ರೇಷ್ಠ ನಿದರ್ಶನ. ಫಾಲ್ಕೆಯವರ ಹೆಸರಿನ ಪ್ರಶಸ್ತಿ ೨೦೦೮ರ ಸಾಲಿಗೆ ಅವರಿಗೆ ಸಂದಿತು. ಅವರ ಸಹಾಯಕರಾಗಿದ್ದ, ಬೆಂಗಳೂರಿನಲ್ಲಿಯೇ ಕಲಿತ ಗೋವಿಂದ ನಿಹಲಾನಿ ೧೯೭೬ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಹಳ್ಳಿಯಲ್ಲಿ ಕ್ಯಾಮರಾ ಹಿಡಿದರು. ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ಆ ಚಿತ್ರದಲ್ಲಿ ಪಶುವೈದ್ಯನ ಪಾತ್ರ ಗಿರೀಶ ಕಾರ್ನಾಡರದು. ಮಸೂರದ ಮಸುಕು ಮಾತಿನ ಕಾಕುವಿನಂತೆ: ಹೇಳುವ ಅರ್ಥವಿದ್ದಾಗ ಮಾತ್ರ ಅದಕ್ಕೆ ಬೆಲೆ.

ಕನ್ನಡದ ಮಟ್ಟಿಗೆ ಈ ಪ್ರಶ್ನೆ ತೀಕ್ಷ್ಣವಾಗುವುದು ಅಕ್ಷರಗಳು ಚಲಿಸುವಲ್ಲಿ. ಚಲನಚಿತ್ರದ ಶೀರ್ಷಿಕೆ, ಜಾಹೀರಾತು, ಪಾಠದ ದೃಶ್ಯಗಳಲ್ಲಿ ಹೆಸರುಗಳು ಮಸುಕಿನಿಂದ ಮೂಡಿ ಸ್ಪಷ್ಟವಾಗಿ ಮತ್ತೆ ಮಸುಕಿಗೆ ಜಾರುವುದು ಈಗ ರೂಢಿ. ರೋಮನ್ ಅಕ್ಷರಗಳಿಗಾಗಿ ನಿಗದಿಯಾದ ಅಳತೆಗಳನ್ನೇ ಕನ್ನಡಕ್ಕೂ ಹಾಕಲಾಗುತ್ತದೆ. ಆದರೆ ದ-ಧ, ಡ-ಢ, ಪ-ಫ ಜೋಡಿಗಳಲ್ಲಿ ವ್ಯತ್ಯಾಸವೆಲ್ಲ ಒಂದು ಪುಟ್ಟ ಸೀಳಿನಲ್ಲಿದೆ. ಪ-ಷಗಳನ್ನು ಬೇರ್ಪಡಿಸುವುದು ಹೊಟ್ಟೆಯೊಳಗಿನ ಒಂದು ಗೆರೆ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವಾಗಿ, ಅದರ ಅಡಿಯಲ್ಲಿ ಇಕ್ಕಟ್ಟಾಗಿ ನಿಲ್ಲುತ್ತವೆ. ಮೇಲೆ ಹೇಳಿದ ೦.೩೨ ಮಿಲಿಮೀಟರ್ ಮಸುಕುವೃತ್ತವು ೩೬ ಮಿಲಿಮೀಟರ್ ಅಗಲದ ಚೌಕಟ್ಟನ್ನು ೧೯೨೦ ಬಿಂದುಗಳ ಪರದೆಗೆ ಹಿಗ್ಗಿಸಿದಾಗ ಸುಮಾರು ೧೭ ಬಿಂದುಗಳಷ್ಟಾಗುತ್ತದೆ. ನೂರು ಬಿಂದು ಎತ್ತರದ ಅಕ್ಷರದಲ್ಲಿ ಮಹಾಪ್ರಾಣದ ಸೀಳು ಕೆಲವೇ ಬಿಂದುಗಳಷ್ಟಿರುವುದರಿಂದ ಅದು ಇಷ್ಟು ಮಸುಕಿನಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ, ‘ಧನ’ವು ‘ದನ’ವಾಗುತ್ತದೆ. ರೋಮನ್ ಅಕ್ಷರದ ಹೊರರೇಖೆ ಉಳಿದರೆ ಓದು ಉಳಿಯುತ್ತದೆ. ಕನ್ನಡದ ಗುಂಡು ಅಕ್ಷರಗಳ ಹೊರರೇಖೆಗಳಾದರೋ ಒಂದನ್ನೊಂದು ಹೋಲುತ್ತವೆ. ಆದ್ದರಿಂದ ಕನ್ನಡದ ಶೀರ್ಷಿಕೆಗೆ ಮಸುಕನ್ನು ಅಳೆಯಬೇಕಾದದ್ದು ಅಕ್ಷರದ ಎತ್ತರದಿಂದಲ್ಲ, ಅದರ ಅತ್ಯಂತ ಸಣ್ಣ ಸೀಳಿನ ಅಗಲದಿಂದ. ಓದಬೇಕಾದ ಅವಧಿಯುದ್ದಕ್ಕೂ ಮಸುಕುವೃತ್ತ ಆ ಸೀಳಿಗಿಂತ ಚಿಕ್ಕದಾಗಿರಬೇಕು. ಮೂಡುವ ಮತ್ತು ಜಾರುವ ಕ್ಷಣಗಳಲ್ಲಿ ಮಾತ್ರ ಅದು ದೊಡ್ಡದಾಗಬಹುದು. ಒತ್ತಕ್ಷರ ಹೆಚ್ಚಿರುವ ಹೆಸರು ಪರದೆಯ ಮೇಲೆ ಸ್ಪಷ್ಟವಾಗಿ ನಿಲ್ಲುವ ಕಾಲವನ್ನು ಇನ್ನಷ್ಟು ಚೌಕಟ್ಟುಗಳಷ್ಟು ಹೆಚ್ಚಿಸಿಕೊಳ್ಳಬೇಕು.